ತಲೆಗೆ ಏಟು ತಿನ್ನಿಸಿ ಬಾಕ್ಸರ್‌ನನ್ನು ಗಟ್ಟಿ ಮಾಡಲಾಗದು: ಕೊಡಗಿನ ಕ್ರೀಡಾ ಅಧಿಕಾರಿಗಳಿಗೆ, ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಗಳಲ್ಲಿ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಆಟ) ಕಲಿಸುವ ತರಬೇತುದಾರರಿಗೆ. ಮಕ್ಕಳನ್ನು ಅವರ ಬಳಿ ಕಳಿಸುವ ತಂದೆ ತಾಯಂದಿರಿಗೆ.

ಮಾನ್ಯರೇ,

ಹೊಡೆದಾಟದ ಆಟಕ್ಕೆ ಏಟು ತಡೆದುಕೊಳ್ಳುವ ಶಕ್ತಿ ಬೇಕು ಎಂಬುದರಲ್ಲಿ ನಮಗೆ ತಕರಾರಿಲ್ಲ. ಮೂರು ನಿಮಿಷದ ಮೂರು ಸುತ್ತು ಆಡುವವನಿಗೆ ಏಟು ಬಿದ್ದೇ ಬೀಳುತ್ತದೆ. ನಮ್ಮ ತಕರಾರು ಆ ಶಕ್ತಿಯನ್ನು ಬೆಳೆಸುವ ರೀತಿಯ ಬಗ್ಗೆ. ಹೊಸ ಹುಡುಗನನ್ನು ಮೂಲೆಗೆ ನಿಲ್ಲಿಸಿ, ಮುಖ ಕಾಯುವ ಕೈಗಳ ಗಾರ್ಡ್ ಇಳಿಸಲು ಹೇಳಿ, ಹಳಬರಿಂದ ಒಬ್ಬರ ಹಿಂದೆ ಒಬ್ಬರಂತೆ ತಲೆಗೆ ಗುದ್ದಿಸುವ ಪದ್ಧತಿ ಇನ್ನೂ ಬಳಕೆಯಲ್ಲಿದೆ. ‘ತಿಂದು ತಿಂದೇ ಗಟ್ಟಿಯಾಗಬೇಕು’ ಎಂಬುದು ಅದರ ಹಿಂದಿನ ಮಾತು. ಈ ಪದ್ಧತಿ ನಿಲ್ಲಬೇಕು. ಅದರ ಜಾಗದಲ್ಲಿ ಏನು ಮಾಡಬಹುದು ಎಂಬುದನ್ನು ವಿವರವಾಗಿ ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮದು ಹಾಕಿಯ ಜಿಲ್ಲೆ ಎಂದು ಹೆಸರು. ಆದರೆ ಸೇನೆಗೆ ಹೋಗಿಬಂದವರ ಜೊತೆ ಬಾಕ್ಸಿಂಗ್ ಕೂಡ ಇಲ್ಲಿನ ಊರುಗಳಿಗೆ ಬಂತು. ಕೊಡಗಿನವರೇ ಆದ ಸಿ.ಎ. ಕುಟ್ಟಪ್ಪ ಅವರಿಗೆ 2018ರಲ್ಲಿ ಬಾಕ್ಸಿಂಗ್ ತರಬೇತಿಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿದೆ. ಅಂಥ ಜಿಲ್ಲೆಯಲ್ಲಿ ಮಕ್ಕಳ ತಲೆಯ ವಿಷಯದಲ್ಲಿ ಅಂದಾಜಿನ ಮೇಲೆ ಕೆಲಸ ನಡೆಯಬಾರದು.

ಮೊದಲು, ನಾಕೌಟ್ ಆಗುವುದು ಹೇಗೆಂದು ನೋಡೋಣ. ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುತ್ತಿರುತ್ತದೆ. ಗಲ್ಲದ (ಗದ್ದದ) ಪಕ್ಕಕ್ಕೆ ಹುಕ್, ಅಂದರೆ ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಪಂಚ್, ಬಿದ್ದರೆ ತಲೆ ಥಟ್ಟನೆ ಪಕ್ಕಕ್ಕೆ ತಿರುಗುತ್ತದೆ. ನೀರು ತುಂಬಿದ ಕೊಡವನ್ನು ಗಕ್ಕನೆ ತಿರುಗಿಸಿದರೆ ಕೊಡ ತಿರುಗುತ್ತದೆ, ಒಳಗಿನ ನೀರು ಹಿಂದೆ ಉಳಿಯುತ್ತದೆ. ಬುರುಡೆ ಮತ್ತು ಮೆದುಳಿನ ನಡುವೆ ಆಗುವುದೂ ಅದೇ. ಈ ಎಳೆದಾಟದಲ್ಲಿ ನರತಂತುಗಳು ಹಿಗ್ಗುತ್ತವೆ, ಏಟು ಜೋರಾಗಿದ್ದರೆ ಹರಿಯುತ್ತವೆ. ಎಚ್ಚರವನ್ನು ಕಾಯುವ ಭಾಗಗಳ ಕೆಲಸ ಕ್ಷಣಕಾಲ ತಪ್ಪಿ ಕಾಲು ಸೋಲುತ್ತದೆ. ಗಲ್ಲದ ತುದಿ ಕುತ್ತಿಗೆಯ ಅಕ್ಷದಿಂದ ದೂರದಲ್ಲಿದೆ. ಹಾಗಾಗಿ ಅಲ್ಲಿ ಬಿದ್ದ ಏಟು ತಲೆಯನ್ನು ಹೆಚ್ಚು ತಿರುಗಿಸುತ್ತದೆ. ಅಷ್ಟೇ ಜೋರಿನ ಏಟು ಹಣೆಗೆ ನೇರವಾಗಿ ಬಿದ್ದರೆ ತಲೆ ಅಷ್ಟು ತಿರುಗುವುದಿಲ್ಲ.

ಇದರಲ್ಲಿ ಅಭ್ಯಾಸದಿಂದ ಗಟ್ಟಿಯಾಗುವ ಭಾಗ ಯಾವುದು? ಗೆಣ್ಣಿನ ಚರ್ಮ ದಪ್ಪವಾಗುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ನಿಧಾನವಾಗಿ ಬಲಗೊಳ್ಳುತ್ತದೆ, ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ಮೆದುಳಿಗೆ ಹಾಗೆ ಬಲಗೊಳ್ಳುವ ಗುಣವಿಲ್ಲ. ಒಮ್ಮೆ ಕನ್‌ಕಶನ್, ಅಂದರೆ ತಲೆಯ ಏಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು, ಆದವನಿಗೆ ಮತ್ತೊಮ್ಮೆ ಆಗುವ ಸಾಧ್ಯತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಳೆಯ ಬಾಕ್ಸರ್‌ಗಳು ತೊದಲುವುದು, ತೂರಾಡುವುದು, ಮಂಕಾಗುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದರು. ಪ್ರಜ್ಞೆ ತಪ್ಪಿಸದ ಸಣ್ಣ ಏಟುಗಳೂ ವರ್ಷಗಟ್ಟಲೆ ಕೂಡಿಕೊಂಡರೆ ಹಾನಿ ಮಾಡುತ್ತವೆ ಎಂಬುದು ಈಗ ಚೆನ್ನಾಗಿ ಗೊತ್ತಿರುವ ಸಂಗತಿ. ಅಂಥ ಏಟುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ವಾರವಾರದ ಅಭ್ಯಾಸದಲ್ಲಿ.

‘ಇಂಥವನಿಗೆ ಎಷ್ಟು ಹೊಡೆದರೂ ಬೀಳುತ್ತಿರಲಿಲ್ಲ’ ಎಂಬ ಉದಾಹರಣೆ ತರಬೇತುದಾರರ ಬಾಯಲ್ಲಿ ಯಾವಾಗಲೂ ಇರುತ್ತದೆ. ಅಂಥವರು ಇರುವುದು ನಿಜ. ಆದರೆ ಅವರು ಏಟು ತಿಂದು ಹಾಗಾದವರಲ್ಲ, ಹಾಗಿದ್ದುದರಿಂದಲೇ ಆಟದಲ್ಲಿ ಉಳಿದವರು. ಅದೇ ಮೂಲೆಯಲ್ಲಿ ನಿಂತು ಅದೇ ಏಟು ತಿಂದು ತಲೆನೋವೆಂದು ಬಿಟ್ಟುಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹಾಗಾದರೆ ಬೆಳೆಸಬಹುದಾದದ್ದು ಯಾವುದು? ಎಲ್ಲಕ್ಕಿಂತ ಮೊದಲು ಕುತ್ತಿಗೆ. ತಲೆಯ ತೂಕ ಸುಮಾರು ಐದು ಕಿಲೋ. ಏಟು ಬೀಳುವ ಗಳಿಗೆಯಲ್ಲಿ ಕುತ್ತಿಗೆಯ ಸ್ನಾಯು ಬಿಗಿಯಾಗಿದ್ದರೆ ತಲೆ ಒಂಟಿಯಾಗಿ ಹಾರುವುದಿಲ್ಲ; ಬಲದ ಒಂದು ಪಾಲು ಭುಜಕ್ಕೆ, ಎದೆಗೂಡಿಗೆ ಇಳಿಯುತ್ತದೆ. ಅಮೆರಿಕದ 6,700ಕ್ಕೂ ಹೆಚ್ಚು ಹೈಸ್ಕೂಲ್ ಆಟಗಾರರನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುತ್ತಿಗೆಯ ಬಲ ಒಂದೊಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಹೆಚ್ಚಿದ್ದಂತೆ ಕನ್‌ಕಶನ್ ಸಾಧ್ಯತೆ ಶೇ 5ರಷ್ಟು ಕಡಿಮೆಯಿದ್ದುದು ಕಂಡುಬಂತು. ಅದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಲಕ್ರಾಸ್ ಆಡುವ ಮಕ್ಕಳ ಲೆಕ್ಕ, ಬಾಕ್ಸರ್‌ಗಳದ್ದಲ್ಲ. ಆ ಅಂಕಿಯನ್ನು ರಿಂಗಿಗೆ ಹಾಗೇ ಅನ್ವಯಿಸುವುದು ಸರಿಯಲ್ಲ. ಆದರೂ ದಾರಿ ಯಾವ ಕಡೆಗಿದೆ ಎಂಬುದನ್ನು ಅದು ತೋರಿಸುತ್ತದೆ.

ಅಭ್ಯಾಸ ಹೀಗಿರಲಿ. ಮೊದಲ ಎರಡು ವಾರ ತೂಕ ಬೇಡ, ತಲೆ ಅಲುಗಾಡುವುದೂ ಬೇಡ. ಬೆನ್ನು ನೇರ ಮಾಡಿ ಕುಳಿತು, ಹಣೆಗೆ ಅಂಗೈ ಒತ್ತಿ, ತಲೆಯಿಂದ ಅಂಗೈಯನ್ನು ತಳ್ಳಬೇಕು. ಆರು ಸೆಕೆಂಡು ಹಿಡಿದು ಬಿಡುವುದು, ಹೀಗೆ ಐದು ಸಲ. ಆಮೇಲೆ ತಲೆಯ ಹಿಂಭಾಗಕ್ಕೆ, ಎಡಕ್ಕೆ, ಬಲಕ್ಕೆ. ಮೊದಲ ವಾರ ಅರ್ಧ ಬಲ ಸಾಕು, ಎರಡನೇ ವಾರ ಮುಕ್ಕಾಲು. ಬಲವನ್ನು ಒಮ್ಮೆಲೇ ಹಾಕದೆ ಎರಡು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಬೇಕು. ಉಸಿರು ಕಟ್ಟಬಾರದು. ಐದನೆಯದಾಗಿ, ಕಪಾಲದ ಪಕ್ಕಕ್ಕೆ ಅಂಗೈ ಇಟ್ಟು ತಲೆ ತಿರುಗದಂತೆ ತಡೆಯುವುದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಹುಕ್ ತಲೆಯನ್ನು ತಿರುಗಿಸುವುದೂ ಇದೇ ದಿಕ್ಕಿನಲ್ಲಿ, ಹಾಗಾಗಿ ಇದನ್ನು ಬಿಟ್ಟರೆ ಉಳಿದ ನಾಲ್ಕರ ಪ್ರಯೋಜನ ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಂಗೈಯನ್ನು ದವಡೆಗೆ ಇಡಬೇಡಿ, ದವಡೆಯ ಕೀಲು ನೋಯುತ್ತದೆ.

ಮೂರನೇ ವಾರದಿಂದ ತೂಕ. ಬೆಂಚಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಹೊರಗಿಟ್ಟು, ಹಣೆಯ ಮೇಲೆ ಮಡಿಸಿದ ಟವೆಲ್, ಅದರ ಮೇಲೆ 1.25 ಕಿಲೋ ಪ್ಲೇಟ್. ಗಲ್ಲವನ್ನು ಎದೆಯ ಕಡೆ ತಂದು ನಿಧಾನವಾಗಿ ಹಿಂದಕ್ಕೆ ಬಿಡುವುದು, 15 ಸಲದ ಎರಡು ಸೆಟ್. ತಲೆ ಬೆಂಚಿನ ಮಟ್ಟಕ್ಕಿಂತ ಕೆಳಗೆ ಜೋತುಬೀಳಬಾರದು. 20 ಸಲ ಸಲೀಸಾಗಿ ಆದಾಗ ಮಾತ್ರ ಇನ್ನೊಂದು 1.25 ಕಿಲೋ ಸೇರಿಸಿ. ಬೋರಲು ಮಲಗಿ ತಲೆಯ ಹಿಂಭಾಗಕ್ಕೂ ಹಾಗೆಯೇ. ಹಿಂಭಾಗದ ಸ್ನಾಯು ಸಾಮಾನ್ಯವಾಗಿ ಬಲವಾಗಿರುವುದರಿಂದ 2.5 ಕಿಲೋದಿಂದ ಶುರು ಮಾಡಬಹುದು. ಇದರ ಜೊತೆ ಭುಜ ಎತ್ತುವ ಶ್ರಗ್, ಎರಡೂ ಕೈಯಲ್ಲಿ ತೂಕ ಹಿಡಿದು ನಡೆಯುವುದು. ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು. ನಡುವೆ 48 ಗಂಟೆ ಬಿಡುವು. ಸ್ಪಾರಿಂಗ್, ಅಂದರೆ ಜೊತೆಗಾರನೊಂದಿಗೆ ಅಭ್ಯಾಸದ ಹೊಡೆದಾಟ, ಇರುವ ದಿನ ಅದಕ್ಕೂ ಮೊದಲು ಕುತ್ತಿಗೆಯ ಅಭ್ಯಾಸ ಮಾಡಿಸಲೇಬೇಡಿ. ದಣಿದ ಕುತ್ತಿಗೆ ತಲೆಯನ್ನು ಹಿಡಿಯುವುದಿಲ್ಲ.

ಆರು ವಾರ ಕಳೆದ ಮೇಲೆ ಒಂದು ಮುಖ್ಯ ಹೆಜ್ಜೆ ಇದೆ. ಬಲ ಇದ್ದರೆ ಸಾಲದು, ಸಮಯಕ್ಕೆ ಸರಿಯಾಗಿ ಬಿಗಿಯಾಗಲು ಕುತ್ತಿಗೆ ಕಲಿಯಬೇಕು. ಹುಡುಗ ಗಾರ್ಡ್ ಹಾಕಿ ನಿಂತಿರಲಿ, ತಲೆಗೆ ಸುತ್ತಿದ ಅಗಲ ಪಟ್ಟಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಜೊತೆಗಾರ ಹಿಡಿದುಕೊಳ್ಳಲಿ. ಜೊತೆಗಾರ ಹೇಳದೆ ಕೇಳದೆ ಹಗುರವಾಗಿ ಎಳೆಯಬೇಕು, ಇವನು ತಲೆ ಅಲುಗದಂತೆ ತಡೆಯಬೇಕು. ಒಂದು ಬಾರಿಗೆ 30 ಸೆಕೆಂಡು ಸಾಕು. ಜೋರಾಗಿ ಎಳೆದರೆ ಅಭ್ಯಾಸ ಹೋಗಿ ಉಳುಕು ಬರುತ್ತದೆ.

ಹಳೆಯ ಕುಸ್ತಿ ಪಟ್ಟುಗಳ ‘ಬ್ರಿಡ್ಜ್’, ಅಂದರೆ ತಲೆಯನ್ನು ನೆಲಕ್ಕೂರಿ ಮೈಯನ್ನು ಕಮಾನು ಮಾಡುವುದನ್ನು, ಮಕ್ಕಳಿಂದ ಮಾಡಿಸಬೇಡಿ. ಕುತ್ತಿಗೆ ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಇಡೀ ಮೈಭಾರ ಬೆನ್ನುಮೂಳೆಯ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ತೂಕ ಕಟ್ಟಿಕೊಂಡು ತಲೆಯನ್ನು ಗುಂಡಗೆ ಸುತ್ತಿಸುವುದೂ ಬೇಡ. ಯಾವ ಹಂತದಲ್ಲೇ ಆಗಲಿ ತೋಳಿಗೆ ಜೋಮು ಹಿಡಿದರೆ, ಬೆರಳು ಜುಮ್ಮೆಂದರೆ, ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಪ್ರಗತಿಯನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ತೋಟಗಳಲ್ಲಿ ಕೊಯ್ದ ಕಾಫಿ ಹಣ್ಣು ತೂಗುವ ನೇತಾಡುವ ತಕ್ಕಡಿ ಎಲ್ಲರಿಗೂ ಗೊತ್ತು. ಅದರ ಸಣ್ಣ ಡಿಜಿಟಲ್ ರೂಪ ಸಾಕು. ಒಂದು ಕೊಕ್ಕೆಯನ್ನು ಕಂಬಕ್ಕೆ, ಇನ್ನೊಂದನ್ನು ತಲೆಪಟ್ಟಿಗೆ ಹಾಕಿ, ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ. ಭುಜ ಅಲುಗದಂತೆ ಒಬ್ಬರು ಹಿಡಿದಿರಲಿ. ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಮೂರು ಮೂರು ಸಲ ನಿಧಾನವಾಗಿ ಎಳೆಸಿ ಹೆಚ್ಚು ಬಂದದ್ದನ್ನು ಬರೆದಿಡಿ. ತಿಂಗಳಿಗೊಮ್ಮೆ ಸಾಕು. ಮೇಲೆ ಹೇಳಿದ ಅಧ್ಯಯನದಲ್ಲೂ ಬಳಸಿದ್ದು ಇಂಥದೇ ಕೈತಕ್ಕಡಿ. ಎಡಬಲಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ, ಹಿಂದಿನ ತಿಂಗಳಿಗಿಂತ ಬಲ ಕುಸಿದಿದ್ದರೆ, ಆ ಹುಡುಗ ಸ್ಪಾರಿಂಗಿಗೆ ಇಳಿಯಬಾರದು. ಕುತ್ತಿಗೆಯ ನೋವನ್ನು ಮುಚ್ಚಿಡುವ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ.

ಕುತ್ತಿಗೆಯ ನಂತರ ಕಣ್ಣು. ಕಾಣದೆ ಬಂದ ಏಟೇ ಬೀಳಿಸುವುದು ಎಂಬ ಮಾತು ಬಾಕ್ಸಿಂಗ್‌ನಲ್ಲಿ ಹಳೆಯದು, ನಿಜವೂ ಹೌದು. ಏಟು ಬರುವುದು ಕಂಡರೆ ಗಲ್ಲ ತಾನಾಗಿ ಕೆಳಗಿಳಿಯುತ್ತದೆ, ಹಲ್ಲು ಕಚ್ಚುತ್ತದೆ, ಕುತ್ತಿಗೆ ಬಿಗಿಯುತ್ತದೆ, ತಲೆ ಏಟು ಸಾಗುವ ದಿಕ್ಕಿಗೇ ಸ್ವಲ್ಪ ಸರಿಯುತ್ತದೆ. ಹೊಸಬರು ಏಟು ಬಂದಾಗ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ಆಗ ಗಲ್ಲ ಬಯಲಾಗುತ್ತದೆ, ಎರಡನೇ ಏಟು ಕಾಣುವುದೇ ಇಲ್ಲ. ಇದನ್ನು ತಿದ್ದಲು ಜೋರು ಏಟು ಬೇಕಿಲ್ಲ. ಜೊತೆಗಾರ ಗ್ಲೌಸ್ ಹಾಕಿ ನಿಧಾನವಾಗಿ ನೇರ ಪಂಚ್ ಬಿಟ್ಟು ಹಣೆಯನ್ನು ಮುಟ್ಟಿ ನಿಲ್ಲಿಸಲಿ. ಎದುರಿನವನ ಕೆಲಸ ಒಂದೇ: ಎದುರಾಳಿಯ ಎದೆಯ ಮೇಲ್ಭಾಗದಲ್ಲಿ ದೃಷ್ಟಿ ನೆಟ್ಟು, ಕಣ್ಣು ಬಿಟ್ಟು, ಉಸಿರು ಹೊರಗೆ ಬಿಡುತ್ತಿರುವುದು. ಎರಡು ನಿಮಿಷದ ಒಂದು ಸುತ್ತು, ದಿನಾ ಮಾಡಬಹುದು. ಹದಿನೈದು ದಿನದ ನಂತರ ಪಕ್ಕದಿಂದ ಹುಕ್, ಆಮೇಲೆ ಕೆಳಗಿನಿಂದ ಅಪ್ಪರ್‌ಕಟ್. ವೇಗ ಹೆಚ್ಚಿಸಿ, ಜೋರು ಹೆಚ್ಚಿಸಬೇಡಿ. ಬಾಯಿ ತೆರೆದುಕೊಂಡು ಉಸಿರಾಡುವವನನ್ನು ಆ ಕ್ಷಣವೇ ತಿದ್ದಿ. ದವಡೆ ಜೋತಿರುವಾಗ ಬಿದ್ದ ಸಾಧಾರಣ ಏಟಿಗೂ ದವಡೆ ಮೂಳೆ ಮುರಿಯಬಹುದು.

ಪಾದದ ಬಗ್ಗೆ ಒಂದೇ ಮಾತು. ಎರಡೂ ಪಾದ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಬಿದ್ದ ಏಟಿಗೆ ಹುಡುಗ ಹಿಂದಕ್ಕೆ ಕೂರುತ್ತಾನೆ. ಕಾಲು ದಣಿದಾಗ ಪಾದ ಹಾಗೆ ಬರುವುದು ಹೆಚ್ಚು. ಮೂರನೇ ಸುತ್ತಿಗೂ ಸಾಕಾಗುವಷ್ಟು ಹಗ್ಗದಾಟ ಮತ್ತು ಓಟ ಕೂಡ ಏಟು ತಡೆಯುವ ತಯಾರಿಯ ಭಾಗವೇ.

ಹೊಟ್ಟೆಯ ವಿಷಯ ಬೇರೆ. ಅಲ್ಲಿ ಗಟ್ಟಿಯಾಗುವ ಸ್ನಾಯು ಇದೆ, ಹಾಗಾಗಿ ತಾಳಿಕೆಯನ್ನು ನಿಜವಾಗಿಯೂ ಕಲಿಸಬಹುದು. ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಮಂಡಿ ಮಡಿಸಿ ಅಂಗಾತ ಮಲಗಿಸಿ, 3 ಕಿಲೋ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಒಂದು ಗೇಣು ಎತ್ತರದಿಂದ ಹೊಕ್ಕುಳಿನ ಸುತ್ತ ಬಿಡಿ. ಚೆಂಡು ತಾಗುವ ಗಳಿಗೆಗೆ ‘ಸ್’ ಎಂದು ಚುಟುಕಾಗಿ ಉಸಿರು ಬಿಟ್ಟು ಹೊಟ್ಟೆ ಬಿಗಿಯಬೇಕು. ಹತ್ತು ಸಲ, ಮೂರು ಸೆಟ್. ಎರಡು ವಾರಕ್ಕೊಮ್ಮೆ ಎತ್ತರವನ್ನು ಒಂದು ಗೇಣು ಹೆಚ್ಚಿಸಿ, ಸೊಂಟದ ಮಟ್ಟಕ್ಕೆ ನಿಲ್ಲಿಸಿ. ತಪ್ಪಾಗುವುದು ಎರಡು ಕಡೆ. ಉಸಿರು ಒಳಗೆಳೆಯುವಾಗ ಚೆಂಡು ಬಿದ್ದರೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಹಿಡಿದುಕೊಂಡು ಉಸಿರೇ ನಿಂತಂತಾಗುತ್ತದೆ. ಚೆಂಡು ಪಕ್ಕೆಲುಬಿಗೋ ಎದೆಮೂಳೆಯ ತುದಿಗೋ ಬಿದ್ದರೆ ಮೂಳೆಗೆ ಪೆಟ್ಟು. ಒಬ್ಬರು ಮತ್ತೊಬ್ಬರ ಹೊಟ್ಟೆಯ ಮೇಲೆ ಹತ್ತಿ ನಿಲ್ಲುವ ಪ್ರದರ್ಶನಗಳಿಂದ ಏನೂ ಸಿಗುವುದಿಲ್ಲ.

ಬಲ ಪಕ್ಕೆಯ ಕೆಳಗಿನ ಲಿವರ್ ಮಾತ್ರ ಯಾವ ಅಭ್ಯಾಸಕ್ಕೂ ಪೂರ್ತಿ ಬಗ್ಗುವುದಿಲ್ಲ. ಎಡಗೈ ಹುಕ್ ಅಲ್ಲಿ ಸರಿಯಾಗಿ ತಾಗಿದರೆ ಒಂದೆರಡು ಕ್ಷಣ ಏನೂ ಆಗದಂತಿದ್ದು, ಆಮೇಲೆ ರಕ್ತದೊತ್ತಡ ಕುಸಿದು ಮಂಡಿ ಊರಿಸುತ್ತದೆ. ಮನಸ್ಸು ಎಚ್ಚರವಾಗಿದ್ದರೂ ಮೈ ಏಳುವುದಿಲ್ಲ. ಅಂಥ ಹುಡುಗನನ್ನು ಹೇಡಿ ಎಂದು ಬೈಯಬೇಡಿ. ಅದಕ್ಕೆ ಮದ್ದು ಮೊಣಕೈ: ಬಲ ಮೊಣಕೈ ಪಕ್ಕೆಗೆ ಅಂಟಿರಲಿ, ಬಲಗೈ ಪಂಚ್ ಬಿಟ್ಟ ಮೇಲೆ ಅಲಸದೆ ವಾಪಸ್ ಬರಲಿ.

ಇನ್ನು ಸ್ಪಾರಿಂಗ್. ಪೂರ್ಣ ಜೋರಿನ ಸ್ಪಾರಿಂಗ್ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚು ಬೇಡ, ಪಂದ್ಯಕ್ಕೆ ಹತ್ತು ದಿನ ಇರುವಾಗ ಅದೂ ಬೇಡ. ಉಳಿದ ದಿನ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಮಾತ್ರ, ಮೈಗೆ ಮಾತ್ರ, ಒಬ್ಬ ಹೊಡೆಯುವುದು ಒಬ್ಬ ತಪ್ಪಿಸಿಕೊಳ್ಳುವುದು, ಹೀಗೆ ಷರತ್ತಿನ ಸುತ್ತುಗಳು. ಗ್ಲೌಸ್ 16 ಔನ್ಸ್. ಹೆಡ್‌ಗಾರ್ಡ್ ಇದೆಯೆಂದು ಧೈರ್ಯ ತಂದುಕೊಳ್ಳಬೇಡಿ. ಅದು ಚರ್ಮ ಒಡೆಯುವುದನ್ನು, ಕಿವಿಯ ಪೆಟ್ಟನ್ನು ತಡೆಯುತ್ತದೆ. ಏಟಿಗೆ ತಲೆ ಥಟ್ಟನೆ ಪಕ್ಕಕ್ಕೆ ತಿರುಗುವುದನ್ನು ತಡೆಯುವುದಿಲ್ಲ. ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್‌ನಲ್ಲಿ 2013ರಿಂದ ಹಿರಿಯ ಪುರುಷರಿಗೆ ಹೆಡ್‌ಗಾರ್ಡ್ ಕೈಬಿಟ್ಟು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಅದಿಲ್ಲದೆಯೇ ಆಡಿದ್ದು ಗೊತ್ತೇ ಇದೆ. ಅಭ್ಯಾಸದಲ್ಲಿ ಹಾಕಿಸಿ, ಆದರೆ ಅದನ್ನು ನಂಬಿ ಜೋರು ಹೆಚ್ಚಿಸಬೇಡಿ. ಮೌತ್‌ಗಾರ್ಡ್ ಹಲ್ಲು, ತುಟಿ, ದವಡೆಗೆ ಬೇಕೇ ಬೇಕು; ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆದದ್ದು ಬಾಯಿ ತೆರೆದರೂ ಬೀಳದಂತಿರಬೇಕು. ಅಣ್ಣನದ್ದು ತಮ್ಮನಿಗೆ ಆಗುವುದಿಲ್ಲ.

ತೂಕ ಇಳಿಸುವ ಚಾಳಿ ಏಟಿನ ತಾಳಿಕೆಯನ್ನು ಎಲ್ಲಕ್ಕಿಂತ ಬೇಗ ಕೆಡಿಸುತ್ತದೆ. ಮಳೆಕೋಟು ತೊಡಿಸಿ ಓಡಿಸುವುದು, ಹಿಂದಿನ ಸಂಜೆಯಿಂದ ನೀರು ನಿಲ್ಲಿಸುವುದು, ಇವೆಲ್ಲ ನಡೆಯುತ್ತಿವೆ. ಹವ್ಯಾಸಿ ಪಂದ್ಯಗಳಲ್ಲಿ ಬೆಳಿಗ್ಗೆ ತೂಕ ನೋಡಿ ಅದೇ ದಿನ ಆಡಿಸುವುದರಿಂದ ಕಳೆದುಕೊಂಡ ನೀರು ಮೈಗೆ ಮರಳಲು ಸಮಯವೇ ಇರುವುದಿಲ್ಲ. ಬತ್ತಿದ ಮೈಯಲ್ಲಿ ಕಣ್ಣು ಕೈ ನಿಧಾನವಾಗುತ್ತವೆ, ಕಾಲು ಬೇಗ ಸೋಲುತ್ತದೆ, ತಪ್ಪಿಸಿಕೊಳ್ಳಬಹುದಾಗಿದ್ದ ಏಟು ತಾಗುತ್ತದೆ. 18 ವರ್ಷದ ಒಳಗಿನವರಿಗೆ ತೂಕ ಇಳಿಸುವುದೇ ಬೇಡ. ದಿನನಿತ್ಯದ ತೂಕ ಯಾವ ವರ್ಗಕ್ಕೆ ಬರುತ್ತದೋ ಅದರಲ್ಲೇ ಆಡಲಿ.

ಏಟು ಬಿದ್ದ ಮೇಲಿನ ಮೊದಲ ಗಂಟೆಗಳ ಬಗ್ಗೆ ತಂದೆ ತಾಯಂದಿರು ಗಮನವಿಟ್ಟು ಓದಬೇಕು. ಕನ್‌ಕಶನ್ ಆಗಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಯಾವ ಸುತ್ತು ಎಂದು ತಿಳಿಯದಿರುವುದು, ಬೆಳಕು ಚುಚ್ಚುವುದು, ನಡೆಯುವಾಗ ತೂರಾಡುವುದು, ಸುಮ್ಮನೆ ಅಳುವುದು ಅಥವಾ ರೇಗುವುದು ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. ‘ಸರ್, ನಾನು ಆರಾಮಿದ್ದೇನೆ’ ಎಂದು ಹುಡುಗ ಹೇಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕೈಕಾಲಿನ ಬಲ ಕುಗ್ಗುವುದು ಕಂಡರೆ ಕಾಯದೆ ಆಸ್ಪತ್ರೆಗೆ. ಆ ದಿನ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಇದ್ದರೆ ಹೆಚ್ಚಬಹುದು. ದೊಡ್ಡವರಾದರೆ ಅಂದು ಸಂಜೆ ಮದುವೆಮನೆ ಇದ್ದರೂ ಮದ್ಯ ಮುಟ್ಟಬಾರದು, ಅದು ಲಕ್ಷಣಗಳನ್ನು ಮರೆಮಾಡುತ್ತದೆ. ಬೈಕ್ ಓಡಿಸಿಕೊಂಡು ಮನೆಗೆ ಹೋಗಲು ಬಿಡಬೇಡಿ.

ಮೊದಲ ಪೆಟ್ಟು ಮಾಯುವ ಮುಂಚೆ ಬೀಳುವ ಎರಡನೇ ಪೆಟ್ಟು ಹದಿಹರೆಯದವರಲ್ಲಿ ಮೆದುಳು ಊದಿ ಪ್ರಾಣಕ್ಕೇ ಬರಬಹುದು. ಅದಕ್ಕಾಗಿಯೇ ಮರಳುವ ದಾರಿ ಮೆಟ್ಟಿಲು ಮೆಟ್ಟಿಲಾಗಿರಬೇಕು: ಒಂದೆರಡು ದಿನ ವಿಶ್ರಾಂತಿ ಮತ್ತು ಹಗುರ ಓಡಾಟ, ಆಮೇಲೆ ನಡಿಗೆ, ಓಟ, ಬ್ಯಾಗ್ ಇಲ್ಲದೆ ಗಾಳಿಗೆ ಪಂಚ್ ಬಿಡುವ ಶ್ಯಾಡೋ, ಬ್ಯಾಗ್ ಮತ್ತು ಪ್ಯಾಡ್, ಪ್ರತಿ ಹೆಜ್ಜೆಗೆ ಕನಿಷ್ಠ 24 ಗಂಟೆ. ಲಕ್ಷಣ ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಎದುರಾಳಿಯ ಮುಂದೆ ನಿಲ್ಲುವುದು ವೈದ್ಯರು ಬರೆದುಕೊಟ್ಟ ಮೇಲೆ ಮಾತ್ರ. ತಲೆಯ ಏಟಿನಿಂದ ಪಂದ್ಯ ನಿಂತಿದ್ದರೆ ಕನಿಷ್ಠ 30 ದಿನ ಸ್ಪಾರಿಂಗ್ ಕೂಡ ಇಲ್ಲ ಎಂಬುದು ಅಂತರರಾಷ್ಟ್ರೀಯ ಹವ್ಯಾಸಿ ನಿಯಮ. ಪ್ರಜ್ಞೆ ತಪ್ಪಿದ್ದರೆ ಇನ್ನೂ ಹೆಚ್ಚು.

ಈಗ ಇಲಾಖೆಗೆ ನಮ್ಮ ಬೇಡಿಕೆ. ತಲೆಯ ಶಸ್ತ್ರಚಿಕಿತ್ಸೆ ಬೇಕಾದರೆ ನಮ್ಮವರು ಸಾಮಾನ್ಯವಾಗಿ ಹೋಗುವುದು ಮೈಸೂರಿಗೆ, ಇಲ್ಲವೇ ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರು ಇನ್ನೂ ದೂರ, ಅದೂ ಘಾಟಿ ಇಳಿದು; 2018ರ ಮಳೆಗೆ ಆ ರಸ್ತೆ ಕುಸಿದು ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಇಂಥ ಜಿಲ್ಲೆಯಲ್ಲಿ ವೈದ್ಯರು ಮತ್ತು ಆಂಬುಲೆನ್ಸ್ ಸ್ಥಳದಲ್ಲಿಲ್ಲದೆ ಹಬ್ಬದ ಪ್ರದರ್ಶನ ಪಂದ್ಯವೂ ಸೇರಿ ಯಾವ ಪಂದ್ಯಕ್ಕೂ ಅನುಮತಿ ಕೊಡಬೇಡಿ. 14 ವರ್ಷದೊಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಗೆ ಹೊಡೆಯುವ ಸ್ಪಾರಿಂಗ್ ಬೇಡವೆಂದು ಸುತ್ತೋಲೆ ಹೊರಡಿಸಿ. ಗಾರ್ಡ್ ಇಳಿಸಿ ನಿಲ್ಲಿಸುವ ‘ಗಟ್ಟಿ ಮಾಡುವ’ ಪದ್ಧತಿಯನ್ನು ಯಾವ ವಯಸ್ಸಿನವರಿಗೂ ಮಾಡಿಸಬಾರದೆಂದು ಅದರಲ್ಲೇ ಬರೆಯಿರಿ.

ಪ್ರತಿ ಆಟಗಾರನ ಹೆಸರಲ್ಲಿ ಒಂದು ಪುಸ್ತಕ ಇರಲಿ: ಸ್ಪಾರಿಂಗ್ ಮಾಡಿದ ದಿನ, ಸುತ್ತು, ಎದುರಾಳಿಯ ತೂಕ, ತಲೆಗೆ ಬಿದ್ದ ಜೋರು ಏಟು, ತಿಂಗಳಿನ ಕುತ್ತಿಗೆ ಅಳತೆ. ಈ ಪುಸ್ತಕ ಆಟಗಾರನ ಜೊತೆಗೇ ಹೋಗಬೇಕು. ವಿರಾಜಪೇಟೆಯಲ್ಲಿ ಬಿದ್ದವನು ಮುಂದಿನ ವಾರ ಕುಶಾಲನಗರದಲ್ಲಿ ಗ್ಲೌಸ್ ಕಟ್ಟುವುದು ಆಗ ಮಾತ್ರ ನಿಲ್ಲುತ್ತದೆ. ಬಾಕ್ಸಿಂಗ್ ಜೊತೆಗೆ ಕಿಕ್‌ಬಾಕ್ಸಿಂಗ್, ಎಂಎಂಎ ಜಿಮ್‌ಗಳಿಗೂ ಇದು ಅನ್ವಯಿಸಲಿ. ಪ್ರತಿ ಕೇಂದ್ರಕ್ಕೆ ಒಂದು ಡಿಜಿಟಲ್ ತೂಗುತಕ್ಕಡಿ, ಎರಡು ತಲೆಪಟ್ಟಿ, ಎರಡು ಮೆಡಿಸಿನ್ ಬಾಲ್, 1.25 ಕಿಲೋ ಪ್ಲೇಟ್‌ಗಳು ಬೇಕು. ಹೊಸ ರಿಂಗಿಗೆ ಆಗುವ ಖರ್ಚಿನ ಸಣ್ಣ ಪಾಲು ಇದಕ್ಕೆ ಸಾಕು, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ರಿಂಗ್ ಕಾಯಬಹುದು.

ಮಳೆಗಾಲದಲ್ಲಿ ಒಳಾಂಗಣ ಅಭ್ಯಾಸ ಹೆಚ್ಚು, ಪಂದ್ಯ ಕಡಿಮೆ. ಕುತ್ತಿಗೆಯ ಮೊದಲ ಎಂಟು ವಾರದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೂನ್ ತಿಂಗಳಲ್ಲಿ ಜಿಲ್ಲೆಯ ಎಲ್ಲ ತರಬೇತುದಾರರು, ದೈಹಿಕ ಶಿಕ್ಷಕರು ಮತ್ತು ಒಬ್ಬ ವೈದ್ಯರನ್ನು ಮಡಿಕೇರಿಯಲ್ಲಿ ಒಂದು ದಿನ ಸೇರಿಸಿ. ತಕ್ಕಡಿ ಕಟ್ಟುವುದರಿಂದ ಹಿಡಿದು ಪುಸ್ತಕ ಬರೆಯುವವರೆಗೆ ಎಲ್ಲವನ್ನೂ ಮಾಡಿ ತೋರಿಸಲು ನಾವು ಬರುತ್ತೇವೆ, ಅದಕ್ಕೆ ಸಂಭಾವನೆ ಬೇಡ.

ಇಂತಿ,
ಕೊಡಗಿನ ಕೆಲವು ಬಾಕ್ಸಿಂಗ್ ತರಬೇತುದಾರರು ಮತ್ತು ಫಿಸಿಯೊಥೆರಪಿಸ್ಟ್‌ಗಳು